ಎಲೆ ಬಿದ್ದದ್ದು ಯಾವಾಗ? ಬ್ರಿಜ್ ಮೇಜಿನಲ್ಲಿ ‘ಆಡಿದ ಎಲೆ’ಯ ನಿಯಮಗಳು

ಪಶ್ಚಿಮದಲ್ಲಿ ಕೂತ ಆಟಗಾರ ಕೈಯಿಂದ ಒಂದು ಎಲೆ ಎಳೆದ. ಎದೆಯಿಂದ ಒಂದು ಗೇಣು ಮುಂದಕ್ಕೆ ತಂದು ಅರೆಕ್ಷಣ ಹಿಡಿದ. ‘ಬೇಡ’ ಅನ್ನಿಸಿ ವಾಪಸ್ ಸೇರಿಸಿದ. ಅದೇ ಟ್ರಿಕ್ಕಿನಲ್ಲಿ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತಿನಲ್ಲಿ) ದಕ್ಷಿಣದಲ್ಲಿ ಕೂತ ಡಿಕ್ಲೇರರ್, ಎಂದರೆ ಬಿಡ್ಡಿಂಗ್ ಎಂಬ ಹರಾಜು ಗೆದ್ದ ಜೋಡಿಯ ಪರವಾಗಿ ಆಡುವವರು, ಕೂಡ ತನ್ನ ಎಲೆಯನ್ನು ಅಷ್ಟೇ ಎತ್ತರದಲ್ಲಿ ಅಷ್ಟೇ ಹೊತ್ತು ಹಿಡಿದು ವಾಪಸ್ ಇಟ್ಟುಕೊಂಡರು. ಇಬ್ಬರೂ ಮಾಡಿದ್ದು ಒಂದೇ. ಆದರೂ ಡಿಕ್ಲೇರರ್ ಬೇರೆ ಎಲೆ ಹಾಕಬಹುದು, ಪಶ್ಚಿಮದವರು ಹಾಕುವಂತಿಲ್ಲ. ಅವರ ಎಲೆಯ ಮುಖ ಎದುರಿನ ಪಾರ್ಟ್‌ನರ್‌ಗೆ ಕಾಣುವಂತಿದ್ದರೆ ಅದು ಆಡಿದ ಎಲೆಯೇ.

ಹೊಸಬರಿಗೆ ಇದು ಪಕ್ಷಪಾತದಂತೆ ಕಾಣುತ್ತದೆ. ಕಾರಣ ತಿಳಿದರೆ ಮಾತ್ರ ಮುಂದಿನ ನಿಯಮಗಳೆಲ್ಲ ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. ಡಿಕ್ಲೇರರ್‌ನ ಪಾರ್ಟ್‌ನರ್ ಡಮ್ಮಿ. ಡಮ್ಮಿಯ ಎಲೆಗಳು ಮೇಜಿನ ಮೇಲೆ ತೆರೆದೇ ಇವೆ, ಡಮ್ಮಿ ಏನನ್ನೂ ತೀರ್ಮಾನಿಸುವಂತಿಲ್ಲ. ಹಾಗಾಗಿ ಡಿಕ್ಲೇರರ್ ತನ್ನ ಎಲೆ ತೋರಿಸಿಕೊಂಡರೆ ನಷ್ಟ ಅವರಿಗೇ. ಡಿಫೆಂಡರ್, ಎಂದರೆ ಎದುರಾಳಿ ಜೋಡಿಯವರು, ಎಲೆ ತೋರಿಸಿದರೆ ಹಾಗಲ್ಲ. ಎದುರಿಗೆ ಕೂತ ಪಾರ್ಟ್‌ನರ್ ಇನ್ನೂ ತೀರ್ಮಾನ ತೆಗೆದುಕೊಳ್ಳಬೇಕಾದವರು, ಅವರಿಗೆ ಆಟದ ದಾರಿಯಲ್ಲಿ ಬರಬಾರದ ಮಾಹಿತಿ ಸಿಕ್ಕಿಬಿಡುತ್ತದೆ. ಆದ್ದರಿಂದಲೇ ಡಿಫೆಂಡರ್‌ಗೆ ಕೇಳುವ ಪ್ರಶ್ನೆ ‘ಪಾರ್ಟ್‌ನರ್‌ಗೆ ಕಾಣುವಂತಿತ್ತೇ?’, ಡಿಕ್ಲೇರರ್‌ಗೆ ಕೇಳುವುದು ‘ಎಲೆ ಮೇಜಿಗೆ ಬಂತೇ?’, ಡಮ್ಮಿಯ ಎಲೆಯ ಬಗ್ಗೆ ಕೇಳುವುದು ‘ಡಿಕ್ಲೇರರ್ ಏನು ಹೇಳಿದರು?’. ಮೂರು ಕೈಗೆ ಮೂರು ಅಳತೆಗೋಲು.

ಇಲ್ಲಿ ಹೇಳಿರುವುದೆಲ್ಲ ವಿಶ್ವ ಬ್ರಿಜ್ ಫೆಡರೇಶನ್‌ನ 2017ರ ಡೂಪ್ಲಿಕೇಟ್ ಬ್ರಿಜ್ (ಒಂದೇ ಹಂಚಿಕೆಯನ್ನು ಹಲವು ಮೇಜುಗಳಲ್ಲಿ ಆಡುವ ಬಗೆ) ನಿಯಮಾವಳಿಯ ಪ್ರಕಾರ. ವಿಷಯದ ತಿರುಳು ಅದರ 45ರಿಂದ 50ರವರೆಗಿನ ನಿಯಮಗಳಲ್ಲಿದೆ. ಹಣ ಕಟ್ಟಿ ಆಡುವ ರಬ್ಬರ್ ಬ್ರಿಜ್‌ಗೆ ಬೇರೆಯದೇ ನಿಯಮಾವಳಿ ಇದೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಮನೆಯ ಆಟದಲ್ಲಿ ಆಟೀನು, ಕಳಾವರ್ ಎಂದರೂ ಬ್ರಿಜ್ ಮೇಜಿನಲ್ಲಿ ಈ ಸೂಟ್‌ಗಳನ್ನು (ಎಲೆಯ ಜಾತಿಗಳನ್ನು) ಹಾರ್ಟ್, ಕ್ಲಬ್ ಎನ್ನುವುದೇ ರೂಢಿ, ಇಲ್ಲೂ ಹಾಗೆಯೇ ಬರೆದಿದೆ. ಉದಾಹರಣೆಗಳಲ್ಲೆಲ್ಲ ದಕ್ಷಿಣ ಡಿಕ್ಲೇರರ್, ಉತ್ತರ ಡಮ್ಮಿ, ಪೂರ್ವ ಮತ್ತು ಪಶ್ಚಿಮ ಡಿಫೆಂಡರ್‌ಗಳು. ‘ಆನರ್’ ಎಂದರೆ ಎಕ್ಕ, ರಾಜ, ರಾಣಿ, ಗುಲಾಮ ಮತ್ತು ಹತ್ತು. ಹತ್ತನ್ನು ಮರೆಯಬೇಡಿ, ಮುಂದೆ ಅದರಿಂದಲೇ ವ್ಯತ್ಯಾಸವಾಗುವ ಜಾಗ ಬರುತ್ತದೆ.

ಹಂತ 1: ಮೊದಲ ಲೀಡ್

ಟ್ರಿಕ್ಕಿನ ಮೊದಲ ಎಲೆ ಹಾಕುವುದೇ ಲೀಡ್. ಬಿಡ್ಡಿಂಗ್ ಮುಗಿದ ಮೇಲೆ ಪಶ್ಚಿಮದವರು ಎಲೆ ಆರಿಸಿ ಮುಖ ಕೆಳಗಾಗಿ ಮೇಜಿನ ಮೇಲೆ ಇಡಬೇಕು. ಪೂರ್ವದವರಿಗೆ ಬಿಡ್ಡಿಂಗ್ ಬಗ್ಗೆ ಏನಾದರೂ ಕೇಳುವುದಿದ್ದರೆ ಆಗ ಕೇಳುತ್ತಾರೆ, ಇಲ್ಲದಿದ್ದರೆ ‘ಪ್ರಶ್ನೆ ಇಲ್ಲ’ ಎನ್ನುತ್ತಾರೆ. ಆಮೇಲೆ ಪಶ್ಚಿಮದವರು ಎಲೆ ತಿರುಗಿಸುತ್ತಾರೆ, ಡಮ್ಮಿ ತನ್ನ ಕೈ ಹಾಸುತ್ತಾರೆ.

ಮುಖ ಕೆಳಗಾಗಿ ಇಡುವುದು ಬರಿಯ ಶಿಷ್ಟಾಚಾರವಲ್ಲ. ಸರದಿ ತಪ್ಪಿ ಪೂರ್ವದವರು ಲೀಡ್ ಮಾಡಿದ್ದರೂ ಎಲೆ ಇನ್ನೂ ಮುಖ ಕೆಳಗಿದ್ದರೆ ಡೈರೆಕ್ಟರ್ (ಆಟದ ತೀರ್ಪುಗಾರರು) ಅದನ್ನು ವಾಪಸ್ ಕೈಗೆ ಸೇರಿಸುತ್ತಾರೆ, ಯಾರಿಗೂ ಪೆಟ್ಟಿಲ್ಲ. ಅದೇ ಎಲೆ ತೆರೆದುಬಿದ್ದಿದ್ದರೆ ಡಿಕ್ಲೇರರ್‌ಗೆ ಐದು ಆಯ್ಕೆಗಳು ಸಿಗುತ್ತವೆ: ಲೀಡ್ ಒಪ್ಪಿ ತಾನೇ ಆಡುವುದು, ಲೀಡ್ ಒಪ್ಪಿ ತನ್ನ ಕೈ ಹಾಸಿ ಪಾರ್ಟ್‌ನರ್‌ಗೆ ಆಡಲು ಬಿಡುವುದು, ಪಶ್ಚಿಮದವರಿಂದ ಆ ಸೂಟೇ ಲೀಡ್ ಮಾಡಿಸುವುದು, ಆ ಸೂಟ್ ಲೀಡ್ ಮಾಡದಂತೆ ತಡೆಯುವುದು, ಅಥವಾ ತಪ್ಪಿ ಬಿದ್ದ ಎಲೆಯನ್ನು ಪೆನಾಲ್ಟಿ ಕಾರ್ಡ್ (ದಂಡದ ಎಲೆ, ವಿವರ ಮುಂದಿದೆ) ಆಗಿ ಮೇಜಿನ ಮೇಲೇ ಬಿಡುವುದು. ಒಂದು ಎಲೆ ತಿರುಗಿಸುವ ಮುನ್ನ ಎರಡು ಸೆಕೆಂಡು ಕಾದರೆ ಇಷ್ಟೆಲ್ಲ ತಪ್ಪುತ್ತದೆ.

ಹಾಗೆಂದು ಮುಖ ಕೆಳಗಿರುವ ಎಲೆಯನ್ನು ಮನಸ್ಸು ಬದಲಾಯಿಸಿ ಎತ್ತಿಕೊಳ್ಳುವಂತಿಲ್ಲ. ಏನಾದರೂ ನಿಯಮಭಂಗವಾಗಿ ಡೈರೆಕ್ಟರ್ ಹೇಳಿದರೆ ಮಾತ್ರ ಅದು ವಾಪಸ್ ಹೋಗುತ್ತದೆ.

ಹಂತ 2: ಡಿಫೆಂಡರ್‌ನ ಎಲೆ

ಸಾಮಾನ್ಯ ಕ್ರಮ ಸರಳ: ಎಲೆಯನ್ನು ಕೈಯಿಂದ ಬೇರ್ಪಡಿಸಿ, ಮುಖ ಮೇಲಾಗಿ, ತನ್ನ ಮುಂದೆಯೇ ಮೇಜಿನ ಮೇಲೆ ಇಡುವುದು. ರಮ್ಮಿ ಆಡುವಾಗಿನ ಹಾಗೆ ನಡುವಿಗೆ ಎಸೆಯುವುದಿಲ್ಲ. ಬೋರ್ಡ್ (ಒಂದು ಹಂಚಿಕೆಯ ಆಟ) ಮುಗಿಯುವವರೆಗೆ ನಾಲ್ವರ ಎಲೆಗಳೂ ಅವರವರ ಮುಂದೆಯೇ ಇರುತ್ತವೆ.

ತಕರಾರು ಬರುವುದು ಎಲೆ ಮೇಜಿಗೆ ಬರುವ ಮೊದಲೇ ನಿಂತಾಗ. ಡಿಫೆಂಡರ್ ಹಿಡಿದ ಎಲೆಯ ಮುಖವನ್ನು ಪಾರ್ಟ್‌ನರ್ ನೋಡಲು ಸಾಧ್ಯವಿದ್ದರೆ ಆ ಎಲೆ ಈಗಿನ ಟ್ರಿಕ್ಕಿಗೆ ಆಡಲೇಬೇಕು. ಇಲ್ಲಿ ‘ಸಾಧ್ಯ’ ಎಂಬ ಪದವೇ ಮುಖ್ಯ. ಪಾರ್ಟ್‌ನರ್ ಆ ಹೊತ್ತಿಗೆ ಸ್ಕೋರ್‌ಕಾರ್ಡ್ ನೋಡುತ್ತಿದ್ದರೂ, ‘ನಾನು ನೋಡಲೇ ಇಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಿದರೂ ಫಲವಿಲ್ಲ. ಡೈರೆಕ್ಟರ್ ಕೇಳುವುದು ಎಲೆ ಯಾವ ಕೋನದಲ್ಲಿತ್ತು, ಅಲ್ಲಿಂದ ಎದುರಿನವರಿಗೆ ಕಾಣುತ್ತಿತ್ತೇ ಎಂದಷ್ಟೆ. ನೋಡಿದರೋ ಇಲ್ಲವೋ ಎಂಬ ಜಿಜ್ಞಾಸೆಗೆ ಇಳಿದರೆ ಪ್ರತಿ ಬಾರಿಯೂ ಒಬ್ಬರ ಪ್ರಾಮಾಣಿಕತೆಯನ್ನೇ ತೂಗಬೇಕಾಗುತ್ತದೆ. ನಿಯಮ ಅದನ್ನು ತಪ್ಪಿಸಿರುವುದು ಎಲ್ಲರ ಮರ್ಯಾದೆ ಉಳಿಸುವ ವಿವೇಕ.

ಇದಕ್ಕೆ ತದ್ವಿರುದ್ಧವಾದ ಮಾತೂ ಅಷ್ಟೇ ನಿಜ. ಎಲೆ ಡಿಕ್ಲೇರರ್‌ಗೆ ಸ್ಪಷ್ಟವಾಗಿ ಕಂಡು, ಪಾರ್ಟ್‌ನರ್‌ಗೆ ಕಾಣಲು ಸಾಧ್ಯವೇ ಇಲ್ಲದಿದ್ದರೆ ಅದು ಆಡಿದ ಎಲೆಯಲ್ಲ. ಪೂರ್ವದವರು ಎಲೆಯನ್ನು ಓರೆಯಾಗಿ ಹಿಡಿದಿದ್ದಾಗ ದಕ್ಷಿಣದವರು ‘ನಾನು ನೋಡಿದೆ, ಸ್ಪೇಡ್ ರಾಣಿ, ಹಾಕಲೇಬೇಕು’ ಎಂದು ಪಟ್ಟು ಹಿಡಿಯುವಂತಿಲ್ಲ. ಅಕಸ್ಮಾತ್ತಾಗಿ ಕಂಡದ್ದನ್ನು ತಮ್ಮ ಆಟದಲ್ಲಿ ಬಳಸಿಕೊಳ್ಳಲು ಅವರಿಗೆ ಅಡ್ಡಿಯಿಲ್ಲ. ಎಲೆ ನೋಡಬೇಕೆಂದೇ ಎದುರಾಳಿಯ ಕೈಯತ್ತ ಕಣ್ಣು ನೆಡುವುದು ಮಾತ್ರ ತಪ್ಪು.

ಬಾಯಿಂದ ಹೇಳಿದರೂ ಎಲೆ ಬಿದ್ದಂತೆಯೇ. ‘ರಾಜ ಹಾಕ್ತೀನಿ’ ಎಂದು ಡಿಫೆಂಡರ್ ಹೇಳಿದರೆ ರಾಜ ಹಾಕಬೇಕು. ಆಡುವ ಮಾತಿಲ್ಲದೆ ಸುಮ್ಮನೆ ‘ನನ್ನ ಹತ್ತಿರ ಕ್ಲಬ್ ಎಕ್ಕ ಇದೆಯಲ್ಲ’ ಎಂದರೂ ಆ ಎಕ್ಕ ಪೆನಾಲ್ಟಿ ಕಾರ್ಡ್ ಆಗುತ್ತದೆ.

ಅಭ್ಯಾಸಕ್ಕೆ ಒಂದು ಸಲಹೆ: ಯಾವ ಎಲೆ ಎಂದು ತೀರ್ಮಾನವಾಗುವವರೆಗೆ ಎಲೆಗೆ ಬೆರಳು ಹಚ್ಚಬೇಡಿ. ಒಂದು ಎಲೆ ಅರ್ಧ ಎಳೆದು, ಮತ್ತೆ ತಳ್ಳಿ, ಇನ್ನೊಂದು ಎಳೆಯುವ ಕೈ ಮೇಜಿನಲ್ಲಿರುವ ಎಲ್ಲರಿಗೂ ಏನನ್ನೋ ಹೇಳುತ್ತಿರುತ್ತದೆ. ಪಾರ್ಟ್‌ನರ್‌ಗೆ ಅದನ್ನು ಬಳಸಿಕೊಳ್ಳುವ ಹಕ್ಕಿಲ್ಲ, ಎದುರಾಳಿ ಬಳಸಿಕೊಳ್ಳಬಹುದು.

ಪೆನಾಲ್ಟಿ ಕಾರ್ಡ್ ಬಿದ್ದರೆ

ಆಟದ ಸಹಜ ಕ್ರಮದಲ್ಲಲ್ಲದೆ ಡಿಫೆಂಡರ್‌ನ ಎಲೆ ಪಾರ್ಟ್‌ನರ್‌ಗೆ ಕಾಣುವಂತೆ ತೆರೆದುಕೊಂಡರೆ ಅದು ಪೆನಾಲ್ಟಿ ಕಾರ್ಡ್. ಅದನ್ನು ಕೈಗೆ ಸೇರಿಸಬಾರದು, ಆಡುವವರೆಗೆ ಮೇಜಿನ ಮೇಲೆ ಮುಖ ಮೇಲಾಗಿ ಇರಬೇಕು. ಇದರಲ್ಲಿ ಎರಡು ಬಗೆ.

ಆನರ್ ಅಲ್ಲದ ಒಂದೇ ಒಂದು ಎಲೆ, ಅದೂ ಕೈಜಾರಿ ಬಿದ್ದದ್ದಾದರೆ, ಮೈನರ್. ಹಾರ್ಟ್ 6 ಜಾರಿಬಿತ್ತು ಎನ್ನಿ. ಅದು ಮೇಜಿನ ಮೇಲಿರುವಷ್ಟು ಕಾಲ ಆ ಆಟಗಾರ ಹಾರ್ಟ್ 9ನ್ನೋ 4ನ್ನೋ ಆಡುವಂತಿಲ್ಲ, ಮೊದಲು 6 ಹೋಗಬೇಕು. ಆದರೆ ಹಾರ್ಟ್ ಗುಲಾಮ ಆಡಬೇಕೆನಿಸಿದರೆ ಆಡಬಹುದು, ಆನರ್‌ಗೆ ತಡೆಯಿಲ್ಲ. ಪಾರ್ಟ್‌ನರ್ ಲೀಡ್ ಮಾಡುವುದಕ್ಕೂ ಕಟ್ಟುಪಾಡಿಲ್ಲ.

ಆನರ್ ಆಗಿದ್ದರೆ ಮೇಜರ್, ಕೈಜಾರಿ ಬಿದ್ದಿದ್ದರೂ ಅಷ್ಟೆ. ಚಿಕ್ಕ ಎಲೆಯೇ ಆದರೂ ಬೇಕೆಂದೇ ಆಡಿದ್ದಾಗಿದ್ದರೆ, ಎಂದರೆ ಸರದಿ ತಪ್ಪಿ ಲೀಡ್ ಮಾಡಿದ್ದರೆ ಅಥವಾ ರಿವೋಕ್ ಮಾಡಿ (ಕೈಯಲ್ಲಿ ಲೀಡ್ ಆದ ಸೂಟ್ ಇದ್ದೂ ಬೇರೆ ಸೂಟ್ ಹಾಕಿ) ತಿದ್ದಿಕೊಂಡಿದ್ದರೆ, ಅದೂ ಮೇಜರ್. ಒಬ್ಬರದೇ ಎರಡು ಪೆನಾಲ್ಟಿ ಕಾರ್ಡ್‌ಗಳು ಮೇಜಿನ ಮೇಲಿದ್ದರೆ ಎರಡೂ ಮೇಜರ್. 9 ಬಿದ್ದರೆ ಮೈನರ್, 10 ಬಿದ್ದರೆ ಮೇಜರ್. ಹತ್ತನ್ನು ಮರೆಯಬೇಡಿ ಎಂದದ್ದು ಇದಕ್ಕೇ.

ಮೇಜರ್ ಪೆನಾಲ್ಟಿ ಕಾರ್ಡ್ ಸಿಕ್ಕ ಮೊದಲ ನ್ಯಾಯವಾದ ಅವಕಾಶದಲ್ಲೇ ಹೋಗಬೇಕು: ಲೀಡ್ ಮಾಡುವಾಗಲಾದರೂ ಸರಿ, ಸೂಟ್ ಅನುಸರಿಸುವಾಗಲಾದರೂ ಸರಿ, ಬೇರೆ ಸೂಟಿನ ಎಲೆ ಬಿಸಾಡುವಾಗ ಅಥವಾ ತುರುಫು ಹೊಡೆಯುವಾಗಲಾದರೂ ಸರಿ. ಸೂಟ್ ಅನುಸರಿಸಬೇಕಾದ ಕಟ್ಟಳೆ ಮಾತ್ರ ಇದಕ್ಕಿಂತ ಮೇಲಿನದು.

ಹೆಚ್ಚು ಎಡವುವ ಜಾಗ ಮುಂದಿನದು. ಪೂರ್ವದವರ ಮುಂದೆ ಡೈಮಂಡ್ ರಾಜ ಮೇಜರ್ ಪೆನಾಲ್ಟಿ ಕಾರ್ಡ್ ಆಗಿ ಬಿದ್ದಿದೆ, ಲೀಡ್ ಪಶ್ಚಿಮದವರಿಗೆ ಬಂದಿದೆ. ಪಶ್ಚಿಮದವರು ತಕ್ಷಣ ಎಲೆ ಹಾಕಬಾರದು. ಡಿಕ್ಲೇರರ್ ಏನು ಬಯಸುತ್ತಾರೆ ಎಂದು ಹೇಳುವವರೆಗೆ ಕಾಯಬೇಕು. ಡಿಕ್ಲೇರರ್ ‘ಡೈಮಂಡೇ ಆಡಿ’ ಎನ್ನಬಹುದು, ‘ಡೈಮಂಡ್ ಆಡಬೇಡಿ’ ಎನ್ನಬಹುದು. ಬೇಡವೆಂದರೆ ಲೀಡ್ ಪಶ್ಚಿಮದವರಲ್ಲೇ ಇರುವಷ್ಟು ಕಾಲ ಆ ತಡೆ ಮುಂದುವರಿಯುತ್ತದೆ. ಈ ಎರಡರಲ್ಲಿ ಯಾವುದನ್ನು ಆರಿಸಿದರೂ ರಾಜ ಪೂರ್ವದವರ ಕೈಗೆ ವಾಪಸ್ ಹೋಗುತ್ತದೆ, ಅದಿನ್ನು ಪೆನಾಲ್ಟಿ ಕಾರ್ಡ್ ಅಲ್ಲ. ‘ಏನು ಬೇಕಾದರೂ ಆಡಿ’ ಎಂದರೆ ರಾಜ ಮೇಜಿನ ಮೇಲೇ ಉಳಿಯುತ್ತದೆ. ಡಿಕ್ಲೇರರ್ ಆಗಿದ್ದಾಗ ಯೋಚಿಸಿ ಆರಿಸಿ. ರಾಜ ಅಲ್ಲೇ ಬಿದ್ದಿದ್ದರೆ ನಿಮ್ಮ ಎಕ್ಕದ ಕೆಳಗೆ ಅದನ್ನು ಎಳೆದುಕೊಳ್ಳುವ ಅವಕಾಶ ಎಷ್ಟೋ ಸಲ ಲೀಡ್ ತಡೆಯುವುದಕ್ಕಿಂತ ಹೆಚ್ಚು ಬೆಲೆಯದು.

ಹಂತ 3: ಡಿಕ್ಲೇರರ್‌ನ ಕೈಯ ಎಲೆ

ಡಿಕ್ಲೇರರ್ ತನ್ನ ಕೈಯ ಎಲೆಯನ್ನು ಆಡಲೇಬೇಕಾಗುವ ಸಂದರ್ಭಗಳು ಎರಡು. ಎಲೆ ಮುಖ ಮೇಲಾಗಿ ಮೇಜಿಗೆ ತಾಗಿದ್ದರೆ ಅಥವಾ ತಾಗಿದಷ್ಟೇ ಹತ್ತಿರವಿದ್ದರೆ ಒಂದು. ಆಡಿಯಾಯಿತು ಎಂದು ಸೂಚಿಸುವ ಸ್ಥಿತಿಯಲ್ಲಿ ಅದನ್ನು ಹಿಡಿದು ನಿಲ್ಲಿಸಿದ್ದರೆ ಇನ್ನೊಂದು. ‘ಹತ್ತಿರ’ ಎಂದರೆ ಎಷ್ಟು ಎಂಬುದಕ್ಕೆ ನಿಯಮ ಇಂಚಿನ ಲೆಕ್ಕ ಕೊಟ್ಟಿಲ್ಲ. ಆದ್ದರಿಂದ ಡೈರೆಕ್ಟರ್ ಆ ಚಲನೆಯನ್ನು ಮತ್ತೊಮ್ಮೆ ಮಾಡಿ ತೋರಿಸಿ ಎನ್ನುತ್ತಾರೆ. ಎಲೆ ಕೈಯಿಂದ ಹೊರಟು, ಮಣಿಕಟ್ಟು ತಿರುಗಿ, ಮೇಜಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತ್ತೇ? ಬಿದ್ದಂತೆ. ಕೈಯ ಎಲೆಗಳಿಂದ ಹೊರಗೆ ಬಂದು, ಮುಖ ಇನ್ನೂ ತನ್ನತ್ತಲೇ ಇದ್ದಾಗ ವಾಪಸ್ ಹೋಯಿತೇ? ಬಿದ್ದಿಲ್ಲ. ಚಲನೆ ತೋರಿಸುವಾಗ ಎಲ್ಲ ಆಟಗಾರರೂ ತಮಗೆ ಕಂಡದ್ದನ್ನು ಕಂಡಹಾಗೇ ಹೇಳಬೇಕು; ಇಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಇರುವುದಿಲ್ಲ.

ಡಿಕ್ಲೇರರ್‌ನ ಕೈಯಿಂದ ಎಲೆ ಜಾರಿ ಬಿದ್ದರೆ ಆಡಬೇಕಾಗಿಲ್ಲ, ಎತ್ತಿಕೊಳ್ಳಬಹುದು. ಡಿಕ್ಲೇರರ್ ಅಥವಾ ಡಮ್ಮಿಯ ಎಲೆ ಎಂದೂ ಪೆನಾಲ್ಟಿ ಕಾರ್ಡ್ ಆಗುವುದಿಲ್ಲ. ಆದರೆ ಆಟದ ನಡುವೆ ಕೈಯ ಎಲೆಗಳನ್ನೆಲ್ಲ ಬೇಕೆಂದೇ ಮೇಜಿನ ಮೇಲೆ ಹರಡಿದರೆ ಅದು ಕ್ಲೇಮ್ (ಉಳಿದ ಟ್ರಿಕ್ಕುಗಳಲ್ಲಿ ಇಷ್ಟು ನನ್ನವು ಎನ್ನುವುದು) ಎಂದೇ ಲೆಕ್ಕ.

ಹಂತ 4: ಡಮ್ಮಿಯ ಎಲೆ, ಎಂದರೆ ಡಿಕ್ಲೇರರ್‌ನ ಮಾತು

ಬ್ರಿಜ್ ಕ್ಲಬ್ಬುಗಳ ಆಟದಲ್ಲಿ ಅತಿ ಹೆಚ್ಚು ಜಗಳ ಹುಟ್ಟುವುದು ಇಲ್ಲೇ, ಏಕೆಂದರೆ ನಾವು ಅರ್ಧ ಮಾತಿನಲ್ಲಿ ಆಡುತ್ತೇವೆ. ಸರಿಯಾದ ಕ್ರಮವೆಂದರೆ ಸೂಟ್ ಮತ್ತು ಅಂಕೆ ಎರಡನ್ನೂ ಹೇಳುವುದು: ‘ಹಾರ್ಟ್ ಏಳು’, ‘ಕ್ಲಬ್ ರಾಣಿ’. ಡಿಕ್ಲೇರರ್ ಹೆಸರಿಸಿದ ಕ್ಷಣಕ್ಕೇ ಆ ಎಲೆ ಆಡಿದಂತೆ. ಡಮ್ಮಿ ಅದನ್ನು ಎತ್ತಿಡುವುದು ನಂತರದ ಕೆಲಸ. ‘ಇನ್ನೂ ಅವರು ಎಲೆ ಮುಟ್ಟಿಯೇ ಇಲ್ಲವಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಮಾತು ಅರ್ಧವಾದಾಗ ನಿಯಮವೇ ಅದನ್ನು ಪೂರ್ಣಗೊಳಿಸುತ್ತದೆ. ಡಿಕ್ಲೇರರ್‌ನ ಉದ್ದೇಶ ಬೇರೆಯಿತ್ತು ಎಂಬುದು ಯಾರೂ ಅಲ್ಲಗಳೆಯಲಾಗದಷ್ಟು ಸ್ಪಷ್ಟವಾಗಿದ್ದರೆ ಮಾತ್ರ ಕೆಳಗಿನವು ಅನ್ವಯಿಸುವುದಿಲ್ಲ.

‘ಚಿಕ್ಕದು’ ಎಂದರೆ ಆ ಸೂಟಿನ ಅತಿ ಚಿಕ್ಕ ಎಲೆ. ‘ದೊಡ್ಡದು’ ಎಂದರೆ ಅತಿ ದೊಡ್ಡದು.

‘ಸ್ಪೇಡ್’ ಎಂದಷ್ಟೇ ಹೇಳಿ ಅಂಕೆ ಹೇಳದಿದ್ದರೆ ಅತಿ ಚಿಕ್ಕ ಸ್ಪೇಡ್. ಡಮ್ಮಿಯಲ್ಲಿ ಎಕ್ಕ, ರಾಣಿ, 3 ಇದ್ದು ಡಿಕ್ಲೇರರ್ ಮನಸ್ಸಿನಲ್ಲಿ ರಾಣಿ ಇದ್ದರೂ ಬಾಯಲ್ಲಿ ಬಂದದ್ದು ಬರೀ ‘ಸ್ಪೇಡ್’ ಆದರೆ 3 ಬಿತ್ತು.

‘ಗೆಲ್ಲಿ’ ಅಥವಾ ‘ಹೊಡೀರಿ’ ಎಂದರೆ ಆ ಟ್ರಿಕ್ಕನ್ನು ಖಚಿತವಾಗಿ ಗೆಲ್ಲುವ ಎಲೆಗಳಲ್ಲಿ ಅತಿ ಚಿಕ್ಕದು. ಡಮ್ಮಿ ಕೊನೆಯದಾಗಿ ಆಡಬೇಕಿದ್ದು, ಮೇಜಿನ ಮೇಲಿನ ದೊಡ್ಡ ಎಲೆ 10 ಆಗಿದ್ದರೆ, ರಾಜ–ಗುಲಾಮ–4 ಇರುವ ಕೈಯಿಂದ ಗುಲಾಮ ಬೀಳುತ್ತದೆ. ಡಮ್ಮಿಯ ನಂತರ ಇನ್ನೊಬ್ಬ ಡಿಫೆಂಡರ್ ಆಡಲಿದ್ದರೆ ಲೆಕ್ಕ ಬೇರೆ. ಗೆಲ್ಲುತ್ತದೆ ಎಂದು ‘ಗೊತ್ತಿರುವ’ ಎಲೆಯೇ ಬೇಕು, ಗೆಲ್ಲಬಹುದಾದ ಎಲೆಯಲ್ಲ.

‘ರಾಣಿ’ ಎಂದು ಅಂಕೆ ಮಾತ್ರ ಹೇಳಿದರೆ ಎರಡು ಸಂದರ್ಭ. ಹಿಂದಿನ ಟ್ರಿಕ್ಕನ್ನು ಡಮ್ಮಿ ಡೈಮಂಡ್ ಎಕ್ಕದಿಂದ ಗೆದ್ದು ಈಗ ಲೀಡ್ ಮಾಡಬೇಕಿದ್ದರೆ, ಮತ್ತು ಡಮ್ಮಿಯಲ್ಲಿ ಡೈಮಂಡ್ ರಾಣಿ ಇದ್ದರೆ, ಅದೇ ಬೀಳುತ್ತದೆ. ಜೊತೆಗೆ ಸ್ಪೇಡ್ ರಾಣಿ ಇದ್ದರೂ ಸರಿ. ಉಳಿದ ಸಂದರ್ಭಗಳಲ್ಲಿ ನ್ಯಾಯವಾಗಿ ಆಡಬಹುದಾದ ರಾಣಿ ಒಂದೇ ಇದ್ದರೆ ಅದು. ಎರಡಿದ್ದರೆ ಯಾವುದೆಂದು ಡಿಕ್ಲೇರರ್ ಹೇಳಬೇಕು.

ಡಮ್ಮಿಯಲ್ಲಿ ಇಲ್ಲದ ಎಲೆ ಹೆಸರಿಸಿದರೆ ಆ ಮಾತಿಗೆ ಬೆಲೆಯಿಲ್ಲ, ನಿಯಮಕ್ಕೊಪ್ಪುವ ಯಾವ ಎಲೆಯನ್ನಾದರೂ ಮತ್ತೆ ಹೇಳಬಹುದು.

‘ಯಾವುದಾದ್ರೂ ಹಾಕಿ’ ಎಂದರೆ? ಡಿಫೆಂಡರ್‌ಗಳಲ್ಲಿ ಯಾರಾದರೊಬ್ಬರು ಡಮ್ಮಿಯ ಎಲೆ ಆರಿಸಬಹುದು. ಕೊನೆಯ ಎರಡು ಮೂರು ಎಲೆ ಉಳಿದಾಗ, ಇನ್ನೇನು ವ್ಯತ್ಯಾಸವಿಲ್ಲ ಎಂದುಕೊಂಡು ಇದನ್ನು ಹೇಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಉಳಿದ ಎರಡರಲ್ಲಿ ಒಂದು ಗೆಲ್ಲುವ ಎಲೆಯಾಗಿದ್ದರೆ ಎದುರಾಳಿ ಅದನ್ನೇ ತೆಗೆಸಿ ಬಿಸಾಡಿಸುತ್ತಾರೆ, ಮತ್ತು ಹಾಗೆ ಮಾಡಲು ಅವರಿಗೆ ಪೂರ್ಣ ಹಕ್ಕಿದೆ.

ಮಾತಿನ ಹೊರತಾಗಿ ಕೈಯೂ ಎಲೆ ಆಡಿಸಬಹುದು. ಡಿಕ್ಲೇರರ್ ಡಮ್ಮಿಯ ಎಲೆಯೊಂದನ್ನು ಬೇಕೆಂದೇ ಮುಟ್ಟಿದರೆ ಅದನ್ನು ಆಡಬೇಕು. ಎಲೆಗಳನ್ನು ಸರಿಯಾಗಿ ಜೋಡಿಸಲು ಮುಟ್ಟಿದ್ದರೆ, ಅಥವಾ ಅದರ ಮೇಲಿನ ಇಲ್ಲವೇ ಕೆಳಗಿನ ಎಲೆಯನ್ನು ತೆಗೆಯಲು ಕೈ ತಾಗಿದ್ದರೆ ಮಾತ್ರ ವಿನಾಯಿತಿ. ಡಮ್ಮಿ ಚಹಾ ತರಲು ಎದ್ದುಹೋಗಿದ್ದಾಗ ಡಿಕ್ಲೇರರ್ ತಾನೇ ಎಲೆ ತೆಗೆಯಬೇಕಾಗುತ್ತದೆ. ಆಗಲೂ ಮೊದಲು ಎಲೆಯ ಹೆಸರು ಹೇಳಿ, ಆಮೇಲೆ ಕೈ ಹಾಕಿ. ಹಾಗೆ ಮಾಡಿದರೆ ಯಾವ ಎಲೆಯನ್ನು ಮುಟ್ಟಿದಿರಿ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬಾಯಿ ತಪ್ಪಿತೇ, ಮನಸ್ಸು ಬದಲಾಯಿತೇ?

‘ಹಾರ್ಟ್ ಮೂರು’ ಎನ್ನಲು ಹೊರಟು ‘ಸ್ಪೇಡ್ ಮೂರು’ ಎಂದುಬಿಟ್ಟರೆ ತಿದ್ದಿಕೊಳ್ಳಬಹುದು. 2007ರ ನಿಯಮಾವಳಿಯಲ್ಲಿ ಇದಕ್ಕೆ ಗಡುವು ಬಿಗಿಯಾಗಿತ್ತು: ಪಾರ್ಟ್‌ನರ್ ಎಲೆ ಆಡುವ ಮೊದಲು, ಅದೂ ಯೋಚಿಸಲು ನಿಲ್ಲದೆ ತಿದ್ದಬೇಕಿತ್ತು. 2017ರಲ್ಲಿ ಅದು ಬದಲಾಗಿ, ಡಿಕ್ಲೇರರ್ ತನ್ನ ಕೈಯಿಂದಾಗಲಿ ಡಮ್ಮಿಯಿಂದಾಗಲಿ ಮುಂದಿನ ಎಲೆ ಆಡುವವರೆಗೆ ತಿದ್ದುವ ಅವಕಾಶ ಬಂತು. ಆದರೆ ತಿದ್ದಲು ಸಿಗುವುದು ಬಾಯಿ ತಪ್ಪಿದ ಮಾತು ಮಾತ್ರ. ಗಮನ ತಪ್ಪಿ ಹೇಳಿದ್ದಕ್ಕೆ, ಹೇಳಿದ ಮೇಲೆ ಮರುಯೋಚನೆ ಬಂದದ್ದಕ್ಕೆ ಅವಕಾಶವಿಲ್ಲ.

ವ್ಯತ್ಯಾಸ ಹೀಗೆ ನೋಡಿ. ಡಮ್ಮಿಯಲ್ಲಿ ಕ್ಲಬ್ ಎಕ್ಕ, ರಾಣಿ ಇವೆ. ಡಿಕ್ಲೇರರ್ ಕೈಯಿಂದ ಚಿಕ್ಕ ಕ್ಲಬ್ ಆಡಿ, ಪಶ್ಚಿಮದವರು ಆಡುವ ಮುನ್ನವೇ ಅಭ್ಯಾಸಬಲದಿಂದ ‘ರಾಣಿ’ ಎಂದರು. ಪಶ್ಚಿಮದವರು ರಾಜ ಹಾಕಿದರು. ಈಗ ‘ಅಲ್ಲ, ಎಕ್ಕ!’ ಎಂದರೆ ನಡೆಯುವುದಿಲ್ಲ. ರಾಣಿ ಎಂದಾಗ ಮನಸ್ಸಿನಲ್ಲೂ ರಾಣಿಯೇ ಇತ್ತು. ಬಾಯಿ ಮನಸ್ಸಿನ ಮಾತನ್ನೇ ಆಡಿತು, ಅದು ಆತುರವಾಗಿತ್ತು ಅಷ್ಟೆ. ಡೈರೆಕ್ಟರ್ ಕೇಳಬೇಕಾದ ಪ್ರಶ್ನೆ ಒಂದೇ: ಆ ಪದ ಬಾಯಿಂದ ಹೊರಬಿದ್ದ ಕ್ಷಣದಲ್ಲಿ ನೀವು ಆಡಬೇಕೆಂದುಕೊಂಡಿದ್ದ ಎಲೆ ಯಾವುದು?

ತಿದ್ದುಪಡಿ ಒಪ್ಪಿತವಾದರೆ, ಅಷ್ಟರಲ್ಲಿ ತನ್ನ ಸರದಿಯಲ್ಲಿ ಎಲೆ ಆಡಿದ್ದ ಎದುರಾಳಿ ಅದನ್ನು ವಾಪಸ್ ತೆಗೆದುಕೊಂಡು ಬೇರೆ ಎಲೆ ಆಡಬಹುದು. ಅವರಿಗೆ ಯಾವ ದಂಡವೂ ಇಲ್ಲ.

ಡಮ್ಮಿಯಾಗಿ ಕೂತವರು ಮಾಡುವ ತಪ್ಪುಗಳು

ಡಿಕ್ಲೇರರ್ ‘ಡೈಮಂಡ್ ಎಂಟು’ ಎಂದರು, ಡಮ್ಮಿ 6 ಎತ್ತಿಟ್ಟರು. ಎರಡೂ ಕಡೆಯವರು ಮುಂದಿನ ಟ್ರಿಕ್ಕಿಗೆ ಎಲೆ ಆಡುವ ಮೊದಲು ಯಾರಾದರೂ ಗಮನಿಸಿ ಹೇಳಿದರೆ 6 ವಾಪಸ್ ಹೋಗಿ 8 ಬರುತ್ತದೆ. ನಡುವೆ ಆಡಿದ ಡಿಫೆಂಡರ್ ತನ್ನ ಎಲೆ ಬದಲಿಸಬಹುದು. ಡಿಕ್ಲೇರರ್‌ನ ಬಲಕ್ಕಿರುವ ಡಿಫೆಂಡರ್ ಹಾಗೆ ಬದಲಿಸಿದರೆ, ಆ ಟ್ರಿಕ್ಕಿಗೆ ಅವರ ನಂತರ ತಾನು ಆಡಿದ್ದ ಎಲೆಯನ್ನು ಡಿಕ್ಲೇರರ್ ಕೂಡ ಬದಲಿಸಬಹುದು. ಆ ಗಡಿ ದಾಟಿದರೆ 6 ಆಡಿದ ಎಲೆಯಾಗಿಯೇ ಉಳಿಯುತ್ತದೆ.

ಡಮ್ಮಿಯಲ್ಲಿ ಆ ಸೂಟಿನ ಒಂದೇ ಎಲೆ ಇದ್ದಾಗ ಡಿಕ್ಲೇರರ್ ಹೇಳುವ ಮುನ್ನವೇ ಅದನ್ನು ಎತ್ತಿಡುವುದು ಸಹಾಯದಂತೆ ಕಾಣುತ್ತದೆ. ದಯವಿಟ್ಟು ಮಾಡಬೇಡಿ. ಒಂಟಿ ಎಲೆ ತಾನಾಗಿ ಆಡಿದಂತಾಗುವುದಿಲ್ಲ, ಒಂದೇ ಸೂಟಿನಲ್ಲಿ ಒಂದರ ಪಕ್ಕ ಒಂದು ಬರುವ ಅಂಕೆಯ ಎಲೆಗಳೂ ಅಷ್ಟೆ. ಡಮ್ಮಿ ಸ್ವಂತ ಇಚ್ಛೆಯಿಂದ ಎಲೆ ಹಾಕಿದ ಮೇಲೆ ಡಿಫೆಂಡರ್ ಒಬ್ಬರು ತನ್ನ ಪಾರ್ಟ್‌ನರ್‌ಗಿಂತ ಮುಂಚೆ ಆಡಿಬಿಟ್ಟರೆ ಅವರಿಗೆ ದಂಡವಿಲ್ಲ, ನಷ್ಟ ನಿಮ್ಮ ಕಡೆಗೇ. ಡಮ್ಮಿ ಸುಮ್ಮನಿರುವಾಗ, ‘ಹೇಗೂ ಒಂಟಿ ಎಲೆ ತಾನೇ’ ಎಂದು ಡಿಫೆಂಡರ್ ಮುಂಚೆ ಆಡಿದರೆ ತಪ್ಪು ಅವರದು. ಆ ಎಲೆ ಮೇಜರ್ ಪೆನಾಲ್ಟಿ ಕಾರ್ಡ್. ಜೊತೆಗೆ ಅವರ ಪಾರ್ಟ್‌ನರ್ ಆ ಸೂಟಿನ ಅತಿ ದೊಡ್ಡದನ್ನು ಅಥವಾ ಅತಿ ಚಿಕ್ಕದನ್ನು ಆಡಬೇಕೆಂದು, ಇಲ್ಲವೇ ತಾನು ಹೇಳಿದ ಇನ್ನೊಂದು ಸೂಟ್ ಆಡಬಾರದೆಂದು ಡಿಕ್ಲೇರರ್ ಕೇಳಬಹುದು.

ಡಿಕ್ಲೇರರ್ ಯೋಚಿಸುತ್ತಿರುವಾಗ ಡಮ್ಮಿಯ ಬೆರಳು ಒಂದು ಎಲೆಯ ಮೇಲೆ ಸುಳಿದಾಡಿದರೂ ಡೈರೆಕ್ಟರ್‌ನನ್ನು ಕರೆಯಬಹುದು. ಆಟ ಮುಂದುವರಿಯುತ್ತದೆ. ಆ ಸೂಚನೆಯಿಂದ ಡಿಫೆಂಡರ್‌ಗಳಿಗೆ ನಷ್ಟವಾಗಿದೆ ಎಂದು ಕಂಡರೆ ಡೈರೆಕ್ಟರ್ ಕೊನೆಯಲ್ಲಿ ಸ್ಕೋರ್ ಸರಿಪಡಿಸುತ್ತಾರೆ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿರುವ ಡಮ್ಮಿಯೇ ಉತ್ತಮ ಡಮ್ಮಿ.

ಎರಡು ಎಲೆ ಒಟ್ಟಿಗೆ ಬಂದರೆ

ಹಳೆಯ ಎಲೆಗಳು, ಬೆವರಿದ ಬೆರಳು ಎರಡೂ ಸೇರಿದರೆ ಹೀಗಾಗುತ್ತದೆ. ಒಂದೇ ಎಲೆಯ ಮುಖ ಕಾಣುತ್ತಿದ್ದರೆ ಅದೇ ಆಡಿದ್ದು. ಅಡಿಯಲ್ಲಿ ಅಂಟಿಕೊಂಡದ್ದನ್ನು ತೋರಿಸದೆ ಕೈಗೆ ಸೇರಿಸಿಕೊಳ್ಳಬೇಕು. ಎರಡೂ ಕಂಡರೆ ಯಾವುದನ್ನು ಆಡುವುದೆಂದು ಆಟಗಾರರೇ ಹೇಳಬೇಕು. ಡಿಫೆಂಡರ್ ಆಗಿದ್ದರೆ ಇನ್ನೊಂದು ಪೆನಾಲ್ಟಿ ಕಾರ್ಡ್. ಡೈಮಂಡ್ ಲೀಡಿಗೆ ಡೈಮಂಡ್ 7 ಹಾಕುವಾಗ ಕ್ಲಬ್ ರಾಜವೂ ತೆರೆದುಕೊಂಡಿದೆ ಎನ್ನಿ. 7 ಆಡಿದ್ದು, ರಾಜ ಆನರ್ ಆದ್ದರಿಂದ ಮೇಜರ್. ಕ್ಲಬ್ 5 ಆಗಿದ್ದರೆ ಮೈನರ್ ಆಗುತ್ತಿತ್ತು.

ಒಂದು ಟ್ರಿಕ್ಕಿಗೆ ಈಗಾಗಲೇ ಆಡಿ, ಮರೆತು ಮತ್ತೊಂದು ಎಲೆ ಹಾಕಿದರೆ ಅದು ಐದನೆಯ ಎಲೆ. ಡಿಕ್ಲೇರರ್‌ನದಾದರೆ ವಾಪಸ್ ಕೈಗೆ, ಡಿಫೆಂಡರ್‌ನದಾದರೆ ಪೆನಾಲ್ಟಿ ಕಾರ್ಡ್. ಅದನ್ನು ಮುಂದಿನ ಟ್ರಿಕ್ಕಿನ ಲೀಡ್ ಎಂದು ಡೈರೆಕ್ಟರ್ ಭಾವಿಸಿದರೆ ಸರದಿ ತಪ್ಪಿದ ಲೀಡಿನ ನಿಯಮ ಅನ್ವಯವಾಗುತ್ತದೆ. ಇಬ್ಬರು ಒಟ್ಟಿಗೆ ಎಲೆ ಹಾಕಿದರೆ ಸರದಿ ಇದ್ದವರದು ಮೊದಲು, ಇನ್ನೊಬ್ಬರದು ನಂತರ ಎಂದು ಲೆಕ್ಕ.

ಆಡಿದ ಎಲೆ ವಾಪಸ್ ಬರುವುದು ಯಾವಾಗ

ಪಟ್ಟಿ ಚಿಕ್ಕದು. ರಿವೋಕ್‌ನಂಥ ನಿಯಮಬಾಹಿರ ಆಟವನ್ನು ತಿದ್ದುವಾಗ. ಬಾಯಿ ತಪ್ಪಿದ್ದನ್ನು ಸರಿಪಡಿಸುವಾಗ. ಎದುರಾಳಿ ತನ್ನ ಎಲೆ ಬದಲಿಸಿದಾಗ. ‘ಲೀಡ್ ನಿಮ್ಮದೇ’ ಎಂದು ಎದುರಾಳಿಯೇ ತಪ್ಪಾಗಿ ಹೇಳಿದ್ದಕ್ಕೆ ಆಡಿದಾಗ. ಬಿಡ್ ಬಗ್ಗೆ ಎದುರಾಳಿ ಕೊಟ್ಟ ತಪ್ಪು ವಿವರಣೆ ನಂಬಿ ಆಡಿ, ಆ ಟ್ರಿಕ್ಕಿಗೆ ಮುಂದಿನ ಎಲೆ ಬೀಳುವ ಮೊದಲು ವಿವರಣೆ ಸರಿಹೋದಾಗ. ಕೊನೆಯದರಲ್ಲಿ ಮೊದಲ ಲೀಡಿಗೆ ಇನ್ನೊಂದು ಮಿತಿ ಇದೆ: ಡಮ್ಮಿ ಒಂದು ಎಲೆ ತೆರೆದರೂ ಮುಗಿಯಿತು. ಎದುರಾಳಿಗಳು ‘ಪರವಾಗಿಲ್ಲ, ತಗೊಳ್ಳಿ’ ಎಂದು ಔದಾರ್ಯ ತೋರಿಸುವುದು ಈ ಪಟ್ಟಿಯಲ್ಲಿಲ್ಲ. ಡೂಪ್ಲಿಕೇಟ್‌ನಲ್ಲಿ ಅದೇ ಬೋರ್ಡನ್ನು ಬೇರೆ ಮೇಜುಗಳಲ್ಲೂ ಆಡುತ್ತಾರೆ. ಇಲ್ಲಿ ಬಿಟ್ಟುಕೊಟ್ಟ ಟ್ರಿಕ್ಕಿನ ಬೆಲೆಯನ್ನು ಬೇರೆ ಜೋಡಿಗಳು ತೆರುತ್ತವೆ.

ಟ್ರಿಕ್ ಮಗುಚುವ ಮುನ್ನ

ನಾಲ್ವರೂ ಆಡುವವರೆಗೆ ಯಾರೂ ಎಲೆ ಮಗುಚಬಾರದು. ನಿಮ್ಮ ಎಲೆ ಇನ್ನೂ ತೆರೆದಿದ್ದು, ನಿಮ್ಮ ಕಡೆಯವರು ಮುಂದಿನ ಟ್ರಿಕ್ಕಿಗೆ ಆಡಿಲ್ಲದಿದ್ದರೆ, ಎಲ್ಲರೂ ಎಲೆ ತೋರಿಸಬೇಕೆಂದು ಕೇಳಬಹುದು. ಈ ಹಕ್ಕು ಡಮ್ಮಿಗಿಲ್ಲ. ಮಗುಚಿದ ಮೇಲೆ, ಮುಂದಿನ ಲೀಡ್ ಬೀಳುವವರೆಗೆ, ನಿಮ್ಮ ಕೊನೆಯ ಎಲೆಯನ್ನು ನೀವು ಮಾತ್ರ ಇಣುಕಿ ನೋಡಬಹುದು. ಗೆದ್ದ ಟ್ರಿಕ್ ಉದ್ದಕ್ಕೆ ಪಾರ್ಟ್‌ನರ್‌ನತ್ತ, ಸೋತದ್ದು ಎದುರಾಳಿಗಳತ್ತ ಅಡ್ಡಕ್ಕೆ, ಆಡಿದ ಕ್ರಮದಲ್ಲೇ ಜೋಡಿಸಿಡಿ. ಎಲೆ ಬಿತ್ತೋ ಇಲ್ಲವೋ, ರಿವೋಕ್ ಆಯಿತೋ ಇಲ್ಲವೋ ಎಂಬ ತಕರಾರು ಹತ್ತು ಟ್ರಿಕ್ ಕಳೆದ ಮೇಲೆ ಬಂದರೆ ಈ ಸಾಲೇ ಉತ್ತರ ಹೇಳುತ್ತದೆ. ಎಲೆಗಳನ್ನು ಕಲಸಿಬಿಟ್ಟವರ ಕೈಯಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ.

ತಕರಾರು ಬಂದಾಗ ಏನು ಮಾಡಬೇಕು

ಮೊದಲು ಎಲ್ಲ ಎಲೆಗಳೂ ಇದ್ದಲ್ಲೇ ಇರಲಿ. ಯಾರೂ ಎತ್ತಬಾರದು, ಯಾರೂ ಮುಂದೆ ಆಡಬಾರದು. ‘ಡೈರೆಕ್ಟರ್, ದಯವಿಟ್ಟು ಬನ್ನಿ’ ಎಂದು ಕರೆಯಿರಿ. ಕರೆಯುವುದು ಆರೋಪವಲ್ಲ. ಡೈರೆಕ್ಟರ್ ಬಂದ ಮೇಲೆ ಒಬ್ಬೊಬ್ಬರಾಗಿ ಮಾತನಾಡಿ, ತೀರ್ಪನ್ನಲ್ಲ, ಘಟನೆಯನ್ನು ಹೇಳಿ. ‘ಅವರು ಎಲೆ ಆಡಿದರು’ ಎನ್ನುವುದು ತೀರ್ಪು. ‘ಎಲೆ ಕೈಯಿಂದ ಹೊರಬಂದು, ಮುಖ ನನ್ನ ಪಾರ್ಟ್‌ನರ್ ಕಡೆ ತಿರುಗಿ, ಇಷ್ಟು ಎತ್ತರದಲ್ಲಿತ್ತು’ ಎನ್ನುವುದು ಘಟನೆ. ಡಿಕ್ಲೇರರ್‌ನ ಮಾತಿನ ವಿಷಯವಾದರೆ ಅವರಾಡಿದ ಪದಗಳನ್ನೇ, ಅದೇ ಕ್ರಮದಲ್ಲಿ ಹೇಳಿ. ಡಿಫೆಂಡರ್ ಆಗಿದ್ದರೆ ವಿವರಿಸುವ ಭರದಲ್ಲಿ ಕೈಯಲ್ಲಿರುವ ಇನ್ನೊಂದು ಎಲೆಯ ಹೆಸರು ಹೇಳಿಬಿಡದಂತೆ ಎಚ್ಚರವಿರಲಿ, ಅದೂ ಪೆನಾಲ್ಟಿ ಕಾರ್ಡ್ ಆಗಿಬಿಡಬಹುದು. ಹೇಳಲೇಬೇಕಿದ್ದರೆ ಮೇಜಿನಿಂದ ದೂರ ಹೋಗಿ ಡೈರೆಕ್ಟರ್‌ಗೆ ಮಾತ್ರ ಹೇಳಿ. ಆಟ ಮುಗಿಯುವ ಮುನ್ನ ತಪ್ಪನ್ನು ಮೊದಲಾಗಿ ಎತ್ತಿ ತೋರಿಸುವ ಕೆಲಸ ಡಮ್ಮಿಯದಲ್ಲ. ಬೇರೊಬ್ಬರು ಗಮನ ಸೆಳೆದ ಮೇಲೆ ಡಮ್ಮಿಯೂ ಡೈರೆಕ್ಟರ್‌ನನ್ನು ಕರೆಯಬಹುದು.